ವಿಕ್ಟೋರಿಯಾ ರಾಣಿಯ ಮನೆತನದ ಕುಸುಮರೋಗಕ್ಕೆ ಸಂಬಂಧದೊಳಗಿನ ಮದುವೆಯೇ ಕಾರಣವಾ?

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ವಿಡಿಯೋ ನೋಡಿದೆ. ಯುರೋಪಿನ ರಾಜಮನೆತನದವರು ಸಂಬಂಧದೊಳಗೇ ಮದುವೆ ಮಾಡ್ಕೊಂಡು ರಕ್ತ ಕೆಡಿಸಿಕೊಂಡರು, ಅದಕ್ಕೇ ಅವರಿಗೆ ಕುಸುಮರೋಗ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಬಂತು ಅಂತ ಹೇಳಿದ್ರು. ಕೆಳಗೆ ಕಾಮೆಂಟಲ್ಲೂ ಎಲ್ಲರೂ ಅದಕ್ಕೇ ತಲೆಯಾಡಿಸಿದ್ದಾರೆ. ನನಗೆ ಮಾತ್ರ ಲೆಕ್ಕ ಕೂಡಿ ಬರ್ತಿಲ್ಲ.

ವಿಕ್ಟೋರಿಯಾ 1840ರಲ್ಲಿ ಸ್ವಂತ ಸೋದರಮಾವನ ಮಗ ಆಲ್ಬರ್ಟ್‌ನನ್ನ ಮದುವೆಯಾದದ್ದು ನಿಜ. ಆದರೆ ಒಂಬತ್ತು ಮಕ್ಕಳಲ್ಲಿ ಕಾಯಿಲೆ ಬಂದದ್ದು ಲಿಯೋಪೋಲ್ಡ್ ಒಬ್ಬನಿಗೆ. ಆಮೇಲೆ ಮೊಮ್ಮಕ್ಕಳು, ಮರಿಮಕ್ಕಳಲ್ಲಿ ಅಲ್ಲಲ್ಲಿ ಕಾಣಿಸಿಕೊಳ್ತು: ಜರ್ಮನಿ, ರಷ್ಯಾ, ಸ್ಪೇನ್. ಈಗಿನ ಬ್ರಿಟಿಷ್ ರಾಜಮನೆತನದಲ್ಲಿ ಇಲ್ಲವೇ ಇಲ್ಲ. ವಿಕ್ಟೋರಿಯಾಗಿಂತ ಹಿಂದೆ ಆ ಮನೆಯಲ್ಲಿ ಯಾರಿಗೂ ಇದ್ದ ಸುದ್ದಿ ಇಲ್ಲ. ಸಂಬಂಧದ ಮದುವೆ ಕಾರಣ ಆಗಿದ್ರೆ ಹೀಗಾಗೋಕೆ ಸಾಧ್ಯವಾ? ಗೊತ್ತಿರೋರು ಬಿಡಿಸಿ ಹೇಳಿ.

ಕಲ್ಲುಸಕ್ಕರೆ
ಸಂಬಂಧದ ಮದುವೆನೇ ಕಾರಣ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಡಾಕ್ಟ್ರುಗಳೇ ಬೇಡ ಅಂತಾರಲ್ಲ.

ಬಯಾಲಜಿ_ಮೇಷ್ಟ್ರು
ಕಲ್ಲುಸಕ್ಕರೆ ಅವರೇ, ಡಾಕ್ಟ್ರು ಬೇಡ ಅನ್ನೋದು ಬೇರೆ ಕಾಯಿಲೆಗಳ ವಿಷಯಕ್ಕೆ. ಇದಕ್ಕಲ್ಲ.

ಕುಸುಮರೋಗದ ಜೀನ್ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಇರೋದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ತಂದೆ ಮಗನಿಗೆ ಕೊಡೋದು ವೈ. ಅಂದ್ಮೇಲೆ ತಂದೆ ಸೋದರಮಾವನ ಮಗನಾದರೇನು, ಎಲ್ಲಿಯೋ ದೂರದ ಊರಿನವನಾದರೇನು, ಮಗನಿಗೆ ಈ ಕಾಯಿಲೆ ಬರೋದಕ್ಕೂ ಅವನಿಗೂ ಸಂಬಂಧವೇ ಇಲ್ಲ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ದೋಷ ಇದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತೆ. ಆಕೆ ವಾಹಕಿ ಆಗ್ತಾಳೆ. ವಾಹಕಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ.

ವಿಕ್ಟೋರಿಯಾಳ ನಾಲ್ಕು ಗಂಡುಮಕ್ಕಳಲ್ಲಿ ಲಿಯೋಪೋಲ್ಡ್‌ಗೆ ಬಂತು, ಉಳಿದ ಮೂವರು ಪಾರಾದರು. ಐದು ಹೆಣ್ಣುಮಕ್ಕಳಲ್ಲಿ ಆಲಿಸ್, ಬಿಯಾಟ್ರಿಸ್ ಇಬ್ಬರು ಖಚಿತವಾಗಿ ವಾಹಕಿಯರು. ಈಗಿನ ಬ್ರಿಟಿಷ್ ಮನೆತನ ಬಂದಿರೋದು ಹಿರಿಮಗ ಏಳನೇ ಎಡ್ವರ್ಡ್‌ನಿಂದ. ಅವನಿಗೆ ಕಾಯಿಲೆ ಇರಲಿಲ್ಲ ಅಂದರೆ ಅವನ ಎಕ್ಸ್ ಸರಿಯಾಗಿತ್ತು ಅಂತಲೇ ಅರ್ಥ. ಅಲ್ಲಿಗೆ ಆ ಕವಲಿನಲ್ಲಿ ಕಥೆ ಮುಗೀತು.

ಶರಾವತಿ_ತೀರ
ಧನ್ಯವಾದ ಸರ್. ಹಾಗಾದ್ರೆ ವಿಕ್ಟೋರಿಯಾಗೆ ಬಂದದ್ದು ಎಲ್ಲಿಂದ?

ಬಯಾಲಜಿ_ಮೇಷ್ಟ್ರು
ಹೊಸ ಮ್ಯುಟೇಷನ್. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರ ಮನೆಯಲ್ಲಿ ಹಿಂದೆ ಯಾರಿಗೂ ಇರೋದಿಲ್ಲ, ಜೀನ್ ಹೊಸದಾಗಿ ಬದಲಾಗಿರುತ್ತೆ. 1819ರಲ್ಲಿ ವಿಕ್ಟೋರಿಯಾ ಹುಟ್ಟಿದಾಗ ಆಕೆಯ ತಂದೆ ಕೆಂಟ್ ಡ್ಯೂಕ್‌ಗೆ 51 ವರ್ಷ. ತಂದೆಗೆ ವಯಸ್ಸಾದಷ್ಟೂ ವೀರ್ಯದಲ್ಲಿ ಇಂಥ ಬದಲಾವಣೆಗಳು ಹೆಚ್ಚು. ಹಾಗಾಗಿ ಅಲ್ಲಿಯೇ ಆಗಿರಬಹುದು ಅಂತ ಬಹಳ ಜನ ಭಾವಿಸ್ತಾರೆ.

ಹಳೇ_ಪೇಪರ್
ವಿಕ್ಟೋರಿಯಾ ಕೆಂಟ್ ಡ್ಯೂಕಿನ ಮಗಳೇ ಅಲ್ಲ, ಅವರ ಮನೆಯ ಮೇಲ್ವಿಚಾರಕ ಕಾನ್‌ರಾಯ್ ಮಗಳು, ಅದಕ್ಕೇ ಕಾಯಿಲೆ ಬಂತು ಅಂತಲೂ ಓದಿದ್ದೆ.

ಬಯಾಲಜಿ_ಮೇಷ್ಟ್ರು
ತಂದೆಗೆ ಹಿಮೋಫಿಲಿಯಾ ಇದ್ದರೆ ಮಾತ್ರ ಆ ವಾದ ನಿಲ್ಲುತ್ತೆ. ಕಾನ್‌ರಾಯ್‌ಗೆ ಇತ್ತು ಅನ್ನೋದಕ್ಕೆ ಏನೂ ಆಧಾರವಿಲ್ಲ. ಆ ತಾಯಿಯ ಮೇಲೆ ಯಾಕೆ ಸುಮ್ಮನೆ ಆರೋಪ?

ಕಲ್ಲುಸಕ್ಕರೆ
ಸರಿ ಮೇಷ್ಟ್ರೇ, ಜೀನ್ ತಾಯಿಯಿಂದ ಬಂತು ಅಂತಲೇ ಇಟ್ಕೊಳ್ಳೋಣ. ಆದ್ರೆ ಒಂದೇ ಮನೆತನದೊಳಗೆ ಕೊಟ್ಟು ತಂದು ಮಾಡಿದ್ದಕ್ಕೇ ಅಲ್ವಾ ಅದು ಮೂರು ದೇಶಕ್ಕೆ ಹರಡಿದ್ದು?

ನೇವಾ_ದಂಡೆ
ಒಬ್ಬೊಬ್ಬರದ್ದೇ ನೋಡಿ. ಆಲಿಸ್‌ಳ ಮಗಳು ಐರೀನ್ ಮದುವೆಯಾದದ್ದು ಜರ್ಮನಿಯ ಪ್ರಶ್ಯ ಮನೆತನದ ಹೈನ್‌ರಿಶ್‌ನನ್ನ. ಇಬ್ಬರ ತಾಯಂದಿರೂ ಅಕ್ಕತಂಗಿಯರು, ತೀರಾ ಹತ್ತಿರದ ಸಂಬಂಧ. ಅವರ ಮೂವರು ಗಂಡುಮಕ್ಕಳಲ್ಲಿ ಇಬ್ಬರಿಗೆ ಬಂತು. ಐರೀನಳ ತಂಗಿ ಅಲಿಕ್ಸ್ 1894ರಲ್ಲಿ ರಷ್ಯಾದ ಎರಡನೇ ನಿಕೋಲಸ್‌ನನ್ನ ಮದುವೆಯಾದಳು. ನಿಕೋಲಸನ ಅಜ್ಜಿ, ಅಲಿಕ್ಸಳ ಅಜ್ಜ ಅಣ್ಣತಂಗಿ, ಸ್ವಲ್ಪ ದೂರದ ಸಂಬಂಧ. ಇದ್ದ ಒಬ್ಬನೇ ಮಗ ಅಲೆಕ್ಸೈಗೆ ಬಂತು. ಬಿಯಾಟ್ರಿಸ್‌ಳ ಮಗಳು ಏನಾ 1906ರಲ್ಲಿ ಸ್ಪೇನಿನ ಹದಿಮೂರನೇ ಅಲ್ಫೋನ್ಸೋನನ್ನ ಮದುವೆಯಾದಳು. ಹತ್ತಿರದ ರಕ್ತಸಂಬಂಧ ಏನೇನೂ ಇಲ್ಲ. ಅಲ್ಲೂ ಇಬ್ಬರು ಮಕ್ಕಳಿಗೆ ಬಂತು.

ಹತ್ತಿರ, ದೂರ, ಇಲ್ಲವೇ ಇಲ್ಲ, ಮೂರರಲ್ಲೂ ಫಲ ಒಂದೇ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು?

ಮಲಪ್ರಭಾ
ಭಾರೀ ಛಲೋ ಹೇಳಿದ್ರಿ. ಸ್ಪೇನ್ ಉದಾಹರಣೆ ಒಂದೇ ಸಾಕ್ರೀ ವಾದ ಮುಗಿಸಾಕ.

ಕಲ್ಲುಸಕ್ಕರೆ
ಮುಗಿದಿಲ್ಲ. ಅದೇ ಸ್ಪೇನಿನ ಎರಡನೇ ಕಾರ್ಲೋಸ್ ಬಗ್ಗೆ ಏನಂತೀರಿ? ಉದ್ದನೆಯ ಗದ್ದ, ಊಟ ಅಗಿಯೋಕೂ ಕಷ್ಟ, ಎರಡು ಮದುವೆಯಾದ್ರೂ ಮಕ್ಕಳಿಲ್ಲ. ಹ್ಯಾಬ್ಸ್‌ಬರ್ಗ್ ಮನೆತನ ಸ್ಪೇನಲ್ಲಿ ಅವನ ಜೊತೆಗೇ ಮಣ್ಣಾಯ್ತು. ಅದೂ ತಾಯಿಯ ಎಕ್ಸ್‌ನಿಂದಲಾ?

ಬಯಾಲಜಿ_ಮೇಷ್ಟ್ರು
ಅಲ್ಲ! ಅಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಎರಡನ್ನೂ ಒಂದೇ ಚೀಲಕ್ಕೆ ತುಂಬೋದಕ್ಕೆ ಮಾತ್ರ ನನ್ನ ತಕರಾರು.

ಕಾರ್ಲೋಸ್ ಹುಟ್ಟಿದ್ದು 1661ರಲ್ಲಿ, ಸತ್ತದ್ದು 1700ರಲ್ಲಿ. ಅವನ ತಂದೆ ನಾಲ್ಕನೇ ಫಿಲಿಪ್ ಮದುವೆಯಾದದ್ದು ಸ್ವಂತ ತಂಗಿಯ ಮಗಳು ಮರಿಯಾನಾಳನ್ನ. ಮೊದಲು ಅವಳನ್ನ ತನ್ನ ಮಗನಿಗೆ ಅಂತ ನಿಶ್ಚಯ ಮಾಡಿದ್ದ. ಆ ಮಗ 1646ರಲ್ಲಿ ತೀರಿಕೊಂಡ ಮೇಲೆ ತಾನೇ ಕಟ್ಟಿಕೊಂಡ. ಅದಕ್ಕೂ ಹಿಂದೆ ಎರಡನೇ ಫಿಲಿಪ್ ಕೂಡ ತಂಗಿಯ ಮಗಳನ್ನೇ ತಂದಿದ್ದ. ಇಂಥ ಮದುವೆಗಳು ತಲೆಮಾರಿನ ಮೇಲೆ ತಲೆಮಾರು ಪೇರಿಸಿಕೊಂಡು ಬಂದವು. 2009ರಲ್ಲಿ ಸ್ಪೇನಿನ ಸಂಶೋಧಕರು ಇಡೀ ವಂಶವೃಕ್ಷ ಹಿಡಿದು ಲೆಕ್ಕ ಹಾಕಿದಾಗ ಕಾರ್ಲೋಸ್‌ನ ಒಳಸಂತಾನ ಗುಣಾಂಕ, ಅಂದರೆ ತಂದೆತಾಯಿ ಎಷ್ಟು ಹತ್ತಿರದ ರಕ್ತದವರು ಅನ್ನೋದರ ಅಳತೆ, 0.254 ಬಂತು. ಒಡಹುಟ್ಟಿದ ಅಣ್ಣತಂಗಿಗೆ ಮಗು ಹುಟ್ಟಿದರೆ ಬರೋದು 0.25. ವಂಶದ ಮೊದಲಿನ ಮೊದಲನೇ ಫಿಲಿಪ್‌ನಲ್ಲಿ ಅದು ಬರೀ 0.025 ಇತ್ತು.

1527ರಿಂದ 1661ರವರೆಗೆ ಆ ಮನೆಯಲ್ಲಿ ಹುಟ್ಟಿದ 34 ಮಕ್ಕಳಲ್ಲಿ 10 ಮಕ್ಕಳು ವರ್ಷ ತುಂಬುವ ಮೊದಲೇ ಹೋದವು, 17 ಮಕ್ಕಳು ಹತ್ತು ವರ್ಷ ದಾಟಲಿಲ್ಲ. ಅರಮನೆಯಲ್ಲಿ, ಊಟಕ್ಕೆ ವೈದ್ಯಕ್ಕೆ ಏನೂ ಕೊರತೆ ಇಲ್ಲದ ಜಾಗದಲ್ಲಿ. ಓದುವಾಗ ಸಂಕಟ ಆಗುತ್ತೆ.

ಅಲ್ಲಿ ನಡೆದದ್ದು ಅಪ್ರಬಲ ಜೀನುಗಳ ಆಟ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಸೇರಿದಾಗ ಮಾತ್ರ ಕಾಯಿಲೆ. ಸಂಬಂಧಿಕರಲ್ಲಿ ಒಂದೇ ಕೆಟ್ಟ ಪ್ರತಿ ಇರೋ ಸಾಧ್ಯತೆ ಹೆಚ್ಚು. ಕುಸುಮರೋಗಕ್ಕೆ ಗಂಡುಮಗುವಿನಲ್ಲಿ ಒಂದೇ ಪ್ರತಿ ಸಾಕು.

ಮಲಪ್ರಭಾ
ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಕಡೆ ಅಕ್ಕನ ಮಗಳನ್ನ ತಗೊಳ್ಳೂದು ಇನ್ನೂ ಐತಿ. ನಮ್ಮ ಮನಿಯಾಗೂ ಐತಿ. ಹಂಗಾರ ನಮ್ಮ ಮಕ್ಕಳೂ ಆ ರಾಜನಂಗ ಆಗ್ತಾವೇನ್ರಿ?

ಬಯಾಲಜಿ_ಮೇಷ್ಟ್ರು
ಅಷ್ಟು ಹೆದರಬೇಡಿ. ಒಂದು ಸಲದ ಸೋದರಮಾವನ ಮದುವೆಗೆ ಗುಣಾಂಕ 0.125, ಕಾರ್ಲೋಸ್‌ನದ್ದರ ಅರ್ಧದಷ್ಟು. ಆದರೂ ಅಪ್ರಬಲ ಕಾಯಿಲೆಗಳ ಅಪಾಯ ಹೊರಗಿನ ಮದುವೆಗಿಂತ ಹೆಚ್ಚೇ. ಅಜ್ಜಿ-ತಾತನ ಕಾಲದಿಂದ ಅದೇ ನಡೆದು ಬಂದಿದ್ದರೆ ಇನ್ನೂ ಹೆಚ್ಚು. ಮಗು ಮಾಡಿಕೊಳ್ಳೋ ಮುಂಚೆ ಒಂದು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸೋದು ಒಳ್ಳೇದು.

ತುಂಗಭದ್ರಾ
ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಈಗ ಬರೀಲೇಬೇಕು ಅನ್ನಿಸ್ತು.

ನನ್ನ ಮಗನಿಗೆ ಹಿಮೋಫಿಲಿಯಾ ಬಿ ಇದೆ. ನಾನು, ನನ್ನ ಗಂಡ ಸಂಬಂಧಿಕರೇ ಅಲ್ಲ, ಊರೂ ಬೇರೆ. ಮಗು ಅಂಬೆಗಾಲಿಡುವಾಗ ಮೊಣಕಾಲು ಊದಿಕೊಳ್ತಾ ಇತ್ತು. ಬಿದ್ದಿರಬೇಕು ಅಂದುಕೊಂಡ್ವಿ. ಒಮ್ಮೆ ಜ್ವರ ಬಂದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ರಾತ್ರಿ ಹೊತ್ತಿಗೆ ತೊಡೆಯೆಲ್ಲ ಊದಿ ಕಪ್ಪಾಗಿ ಮಗು ಅಳೋದನ್ನೇ ನಿಲ್ಲಿಸಲಿಲ್ಲ. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದಾಗ ಗೊತ್ತಾಯ್ತು.

ಅತ್ತೆ ಮನೆಯವರು ಹೇಳಿದ ಮೊದಲ ಮಾತು: ನಿನ್ನ ತವರಿನ ರಕ್ತವೇ ಸರಿ ಇಲ್ಲ. ನನ್ನ ಸೋದರಮಾವ ಒಬ್ಬರು ಚಿಕ್ಕ ವಯಸ್ಸಲ್ಲಿ ಹಲ್ಲು ಕೀಳಿಸಿಕೊಂಡು ರಕ್ತ ನಿಲ್ಲದೆ ತೀರಿಕೊಂಡಿದ್ದರಂತೆ, ಅಮ್ಮ ಆವಾಗ ನೆನಪು ಮಾಡಿಕೊಂಡು ಹೇಳಿದ್ರು. ಜೀನ್ ನನ್ನಿಂದ ಬಂತು, ಅದು ನಿಜ. ಆದರೆ ನಾನು ತಪ್ಪು ಮಾಡಿದ್ದೇನು? ವಿಡಿಯೋದವರು ರಾಜರು ಮಾಡಿದ ಪಾಪ ಅನ್ನೋ ಧಾಟಿಯಲ್ಲಿ ಹೇಳ್ತಾರಲ್ಲ, ಅದನ್ನ ನಮ್ಮಂಥ ತಾಯಂದಿರ ಮನೆಯಲ್ಲೂ ಕೂತು ನೋಡ್ತಾರೆ. ಅದನ್ನ ಯೋಚನೆ ಮಾಡಿ.

ಶರಾವತಿ_ತೀರ
ಅಕ್ಕಾ, ಬರೆದಿದ್ದು ಬಹಳ ಒಳ್ಳೇದಾಯ್ತು. ಮಗ ಈಗ ಹೇಗಿದ್ದಾನೆ?

ತುಂಗಭದ್ರಾ
ಚೆನ್ನಾಗಿದ್ದಾನೆ ತಮ್ಮಾ. ಹೈಸ್ಕೂಲು. ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಅಂಶದ ಇಂಜೆಕ್ಷನ್, ಉಚಿತವಾಗಿ ಸಿಗುತ್ತೆ. ಸ್ಟಾಕ್ ಇಲ್ಲ ಅಂದಾಗ ಮಾತ್ರ ಜೀವ ಕೈಲಿ ಹಿಡಿದುಕೊಂಡು ಓಡಾಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ, ಸರ್ಟಿಫಿಕೇಟ್ ಮಾಡಿಸದೇ ಇರೋರು ಮಾಡಿಸಿಕೊಳ್ಳಿ.

ನೇವಾ_ದಂಡೆ
ತುಂಗಭದ್ರಾ ಅವರೇ, ನೀವು ಹೇಳಿದ ಮಾತು ಓದಿ ಏನಾ ರಾಣಿ ನೆನಪಾದಳು. ಹಿರಿಮಗ ಅಲ್ಫೋನ್ಸೋಗೆ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಗಂಡ ಅವಳನ್ನ ಕ್ಷಮಿಸಲೇ ಇಲ್ಲ ಅಂತಾರೆ. ಸಂಸಾರ ಒಡೀತು. ಕಿರಿಮಗ ಗೊನ್ಸಾಲೋ 1934ರಲ್ಲಿ ಆಸ್ಟ್ರಿಯಾದಲ್ಲಿ ಕಾರು ಗೋಡೆಗೆ ತಗುಲಿದಾಗ ಹೊರಗೆ ಗಾಯವೇ ಕಾಣದೆ, ಹೊಟ್ಟೆಯೊಳಗೆ ರಕ್ತ ಹರಿದು ತೀರಿಕೊಂಡ. 19 ವರ್ಷ. ಹಿರಿಯವನು 1938ರಲ್ಲಿ ಮಯಾಮಿಯಲ್ಲಿ, ಅದೂ ಕಾರು ಅಪಘಾತ, ಅದೂ ಒಳಗಿನ ರಕ್ತಸ್ರಾವ. 31 ವರ್ಷ. ಇಬ್ಬರು ಮಕ್ಕಳನ್ನ ಹೀಗೆ ಕಳೆದುಕೊಂಡ ತಾಯಿಯನ್ನ ಇತಿಹಾಸದ ಪುಸ್ತಕಗಳು ಕೂಡ ರೋಗ ತಂದ ಸೊಸೆ ಅಂತಲೇ ಬರೆದವು.

ಹಳೇ_ಪೇಪರ್
ರಷ್ಯಾದ ರಾಣಿ ಅಲಿಕ್ಸ್ ನಂಬಿದ್ದ ಆ ದೇವಮಾನವ ರಸ್ಪುಟಿನ್ ಬಗ್ಗೆ ಯಾರೂ ಮಾತಾಡ್ತಿಲ್ಲ! ಅವನು ಹಿಪ್ನಾಟಿಸಂ ಮಾಡಿ ಅಲೆಕ್ಸೈಗೆ ರಕ್ತ ನಿಲ್ಲಿಸ್ತಿದ್ದ ಅಂತ ಕೇಳಿದ್ದೆ.

ಹೊಸಕೋಟೆ_ಹುಡುಗ
ಅದೆಲ್ಲ ಬುರುಡೆ. ಆಸ್ಪಿರಿನ್ ಕಾರಣ. ಡಾಕ್ಟ್ರು ಆಸ್ಪಿರಿನ್ ಕೊಡ್ತಿದ್ರು, ರಸ್ಪುಟಿನ್ ಅದನ್ನ ನಿಲ್ಲಿಸಿದ. ಅಷ್ಟೇ.

ನೇವಾ_ದಂಡೆ
ಆಸ್ಪಿರಿನ್ ಮಾತು ಚೆನ್ನಾಗಿ ಹೊಂದುತ್ತೆ, ಆದರೆ ಊಹೆ. ಬಾಯರ್ ಕಂಪನಿ 1899ರಿಂದ ಆಸ್ಪಿರಿನ್ ಮಾರ್ತಿತ್ತು, ಅದು ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ, ಎರಡೂ ನಿಜ. ಹುಡುಗನಿಗೆ ಆಗ ಅದನ್ನ ಕೊಟ್ಟಿದ್ದರು ಅಂತ ದಾಖಲೆ ತೋರಿಸಿದವರನ್ನ ನಾನು ಕಂಡಿಲ್ಲ.

ನಡೆದದ್ದು ಇದು. 1912ರ ಶರತ್ಕಾಲ, ಪೋಲೆಂಡಿನ ಸ್ಪಾವಾ ಅನ್ನೋ ಬೇಟೆಯ ಬಂಗಲೆ. ಎಂಟು ವರ್ಷದ ಅಲೆಕ್ಸೈ ಕೆಲವು ವಾರ ಮೊದಲು ದೋಣಿಗೆ ಹಾರುವಾಗ ತೊಡೆಗೆ ಪೆಟ್ಟು ಮಾಡಿಕೊಂಡಿದ್ದ. ಕಡಿಮೆಯಾಗ್ತಾ ಬಂದಿತ್ತು. ಗಾಡಿಯಲ್ಲಿ ಕೂರಿಸಿಕೊಂಡು ಹೋದಾಗ ಆ ಕುಲುಕಾಟಕ್ಕೆ ಮತ್ತೆ ಒಳಗೆ ರಕ್ತ ಹರಿಯಿತು. ತೊಡೆಯ ಸಂದಿನಲ್ಲೆಲ್ಲ ಬಾವು, ದಿನಗಟ್ಟಲೆ ಕಿರುಚಾಟ. ಬದುಕೋದಿಲ್ಲ ಅಂತ ಪಾದ್ರಿ ಬಂದು ಕೊನೆಯ ಸಂಸ್ಕಾರ ಮಾಡಿದರು. ತಾಯಿ ಸೈಬೀರಿಯಾದ ಊರಲ್ಲಿದ್ದ ರಸ್ಪುಟಿನ್‌ಗೆ ತಂತಿ ಕಳಿಸಿದಳು. ಮಗು ಸಾಯೋದಿಲ್ಲ, ವೈದ್ಯರು ಹೆಚ್ಚು ಕಾಡದಿರಲಿ ಅನ್ನೋ ಅರ್ಥದ ಉತ್ತರ ಬಂತು. ಅದಾದ ಮೇಲೆ ರಕ್ತ ನಿಂತಿತು.

ಸಾವಿರಾರು ಮೈಲಿ ದೂರದಿಂದ ಹಿಪ್ನಾಟಿಸಂ ಆಗೋಕೆ ಸಾಧ್ಯವಿಲ್ಲ. ಹಳೇ_ಪೇಪರ್ ಅವರಿಗೆ ಅಷ್ಟೇ ಉತ್ತರ.

ಹೊಸಕೋಟೆ_ಹುಡುಗ
ಊಹೆನೋ ಏನೋ, ಆಸ್ಪಿರಿನ್ ಅಪಾಯ ಅನ್ನೋದಂತೂ ಸತ್ಯ.

ತುಂಗಭದ್ರಾ
ಅದಕ್ಕೆ ನಾನೂ ಸೇರಿಸ್ತೀನಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ. ನಮ್ಮ ಡಾಕ್ಟ್ರು ಪ್ಯಾರಾಸಿಟಮಾಲ್ ಮಾತ್ರ ಹೇಳಿದ್ದಾರೆ. ಕ್ಲಿನಿಕ್ಕಿಗೆ ಹೋದ ತಕ್ಷಣ ಮಗುವಿಗೆ ಏನಿದೆ ಅಂತ ಮೊದಲು ಹೇಳಿಬಿಡಿ.

ಕಲ್ಲುಸಕ್ಕರೆ
ಆದ್ರೂ ರಷ್ಯಾದ ಝಾರ್ ನಿಕೋಲಸ್ ಬಿದ್ದಿದ್ದು ಈ ಕಾಯಿಲೆಯಿಂದಲೇ ಅಲ್ವಾ? ಕಾಯಿಲೆ ಇಲ್ದಿದ್ರೆ ರಸ್ಪುಟಿನ್ ಇಲ್ಲ, ರಸ್ಪುಟಿನ್ ಇಲ್ದಿದ್ರೆ ಕ್ರಾಂತಿ ಇಲ್ಲ.

ನೇವಾ_ದಂಡೆ
1905ರಲ್ಲೇ ಒಂದು ಕ್ರಾಂತಿ ಆಗಿತ್ತು. ಆವಾಗ ಅಲೆಕ್ಸೈ ಒಂದು ವರ್ಷದ ಕೂಸು, ರಸ್ಪುಟಿನ್ ಅರಮನೆಗೆ ಇನ್ನೂ ಬಳಕೆಯಾಗಿರಲಿಲ್ಲ. 1917ರಲ್ಲಿ ಪೆಟ್ರೋಗ್ರಾಡ್ ಬೀದಿಗೆ ಇಳಿದ ಹೆಂಗಸರು ಕೇಳಿದ್ದು ರೊಟ್ಟಿ. ಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರು ಸತ್ತಿದ್ದರು. ಇದನ್ನೆಲ್ಲ ಒಂದು ಮಗುವಿನ ತಲೆಗೆ ಕಟ್ಟಬೇಡಿ.

ಕಾಯಿಲೆ ರಾಜಕೀಯವನ್ನ ನೇರವಾಗಿ ಮುಟ್ಟಿದ್ದು ಬೇರೆ ಜಾಗದಲ್ಲಿ. 1917ರ ಮಾರ್ಚಲ್ಲಿ ನಿಕೋಲಸ್ ಮೊದಲು ಮಗನಿಗೆ ಪಟ್ಟ ಬಿಟ್ಟುಕೊಡೋಕೆ ಸಿದ್ಧನಾಗಿದ್ದ. ವೈದ್ಯ ಫ್ಯೋದರೋವ್‌ನನ್ನ ಕರೆದು ಮಗನ ಕಾಯಿಲೆ ವಾಸಿಯಾಗುತ್ತಾ ಅಂತ ಕೇಳಿದ. ಆಗೋದಿಲ್ಲ ಅಂತ ಉತ್ತರ ಬಂತು. ಆಗ ಮಗನ ಪರವಾಗಿಯೂ ಪಟ್ಟ ಬಿಟ್ಟ, ತಮ್ಮ ಮಿಖಾಯಿಲ್ ಹೆಸರಿಗೆ ಬರೆದ. ತಮ್ಮ ಒಪ್ಪಲಿಲ್ಲ, ಮುನ್ನೂರು ವರ್ಷದ ರೊಮಾನೋವ್ ಆಳ್ವಿಕೆ ಮುಗೀತು. ಇನ್ನೊಂದು, ಅಲೆಕ್ಸೈ ಕಾಯಿಲೆಯನ್ನ ಅರಮನೆಯವರು ಮುಚ್ಚಿಟ್ಟರು. ಜನಕ್ಕೆ ಗೊತ್ತಿದ್ದಿದ್ದರೆ ರಾಣಿ ಯಾಕೆ ಆ ರಸ್ಪುಟಿನ್‌ನ ಕಾಲು ಹಿಡೀತಾಳೆ ಅಂತ ಅರ್ಥ ಆಗ್ತಿತ್ತು. ಗೊತ್ತಿಲ್ಲದ್ದಕ್ಕೆ ಹೊಲಸು ಕಥೆ ಕಟ್ಟಿದರು.

ಡಾರ್ಮ್‌ಸ್ಟಾಟ್_ಭಟ್ರು
ನಾನು ಇರುವುದು ಡಾರ್ಮ್‌ಸ್ಟಾಟ್‌ನಲ್ಲಿ ಮಾರಾಯ್ರೆ, ಅಲಿಕ್ಸ್ ಹುಟ್ಟಿದ ಊರು. ಇಲ್ಲಿಯ ರೋಸನ್‌ಹೋಹೆ ಪಾರ್ಕಿನಲ್ಲಿ ಅವಳ ತಾಯಿ ಆಲಿಸ್‌ಳ ಸಮಾಧಿ ಉಂಟು, ಮಗ ಫ್ರಿಟ್ಟಿಯದ್ದೂ ಉಂಟು. ಫ್ರಿಟ್ಟಿಗೆ ಇದೇ ಕಾಯಿಲೆ. 1873ರಲ್ಲಿ ತಾಯಿಯ ಕೋಣೆಯ ಕಿಟಕಿಯಿಂದ ಬಿದ್ದ, ಮೆದುಳಿನಲ್ಲಿ ರಕ್ತಸ್ರಾವವಾಗಿ ಅದೇ ದಿನ ತೀರಿಕೊಂಡ. ಎರಡೂವರೆ ವರ್ಷದ ಮಗು. ಬೇರೆ ಮಕ್ಕಳಾಗಿದ್ದರೆ ಬದುಕುತ್ತಿದ್ದರೋ ಏನೋ. ನಿಕೋಲಸ್ ಹೆಂಡತಿಯ ಊರೆಂದು ಇಲ್ಲಿ ಕಟ್ಟಿಸಿದ ರಷ್ಯನ್ ಚರ್ಚು ಮಾತಿಲ್ಡನ್‌ಹೋಹೆ ಗುಡ್ಡದ ಮೇಲೆ ಈಗಲೂ ಉಂಟು. ಬಂಗಾರದ ಗುಮ್ಮಟ, ಬಂದವರು ನೋಡದೆ ಹೋಗಬೇಡಿ.

ಮಲಪ್ರಭಾ
ಫೋಟೋ ಹಾಕ್ರಿ ಭಟ್ರೇ!

ಹೊಸಕೋಟೆ_ಹುಡುಗ
ಮೇಷ್ಟ್ರೇ, ಒಂದು ಡೌಟು. ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಕೂಡ ಆಲಿಸ್ ಕಡೆಯಿಂದ ಬಂದವರು ತಾನೇ? ಆ ದಾರಿಯಲ್ಲಿ ಈಗಿನ ಚಾರ್ಲ್ಸ್‌ಗೆ ಬರೋಕಾಗಲ್ವಾ?

ಬಯಾಲಜಿ_ಮೇಷ್ಟ್ರು
ಒಳ್ಳೇ ಪ್ರಶ್ನೆ. ಹೌದು, ಆಲಿಸ್‌ಳ ಹಿರಿಮಗಳ ಮಗಳ ಮಗ ಫಿಲಿಪ್. ಅವರಿಗೆ ಕಾಯಿಲೆ ಇರಲಿಲ್ಲ, ಗಂಡಸಿನಲ್ಲಿ ಇದು ಅಡಗಿ ಕೂರೋದಿಲ್ಲ. ಅಲ್ಲದೆ ಚಾರ್ಲ್ಸ್‌ಗೆ ಫಿಲಿಪ್‌ನಿಂದ ಬಂದದ್ದು ವೈ.

ಅದೇ ತಾಯಿಯ ಸಾಲಿನಿಂದಾಗಿ ಫಿಲಿಪ್ ಅವರ ರಕ್ತದ ಮಾದರಿ ದೊಡ್ಡ ಕೆಲಸಕ್ಕೆ ಬಂತು. ಝಾರ್ ಕುಟುಂಬವನ್ನ ಕೊಂದ ಎಕಟೆರಿನ್‌ಬುರ್ಗ್ ಹತ್ತಿರ 1991ರಲ್ಲಿ ಹೊರತೆಗೆದ ಮೂಳೆಗಳು ಅಲಿಕ್ಸ್ ಮತ್ತು ಅವಳ ಹೆಣ್ಣುಮಕ್ಕಳದ್ದೇ ಅಂತ ಗುರುತಿಸಿದ್ದು ಫಿಲಿಪ್ ಅವರ ಮೈಟೊಕಾಂಡ್ರಿಯದ ಡಿಎನ್‌ಎ, ಅಂದರೆ ತಾಯಿಯಿಂದ ಮಾತ್ರ ಬರುವ ಡಿಎನ್‌ಎ ಜೊತೆ ಹೋಲಿಸಿ. 2007ರಲ್ಲಿ ಅಲೆಕ್ಸೈ ಮತ್ತು ಒಬ್ಬ ಅಕ್ಕನ ಮೂಳೆ ಸಿಕ್ಕವು. 2009ರಲ್ಲಿ ಆ ಮೂಳೆಗಳಿಂದಲೇ ಕಾಯಿಲೆ ಯಾವುದು ಅಂತ ಪತ್ತೆಯಾಯ್ತು: ಹಿಮೋಫಿಲಿಯಾ ಬಿ, ಅಂದರೆ ಒಂಬತ್ತನೇ ಫ್ಯಾಕ್ಟರಿನ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದಕ್ಕೂ ಮೊದಲು ಹೆಚ್ಚಾಗಿ ಕಾಣುವ ಎ ವಿಧವೇ ಇರಬೇಕು ಅಂತ ಅನೇಕರು ಅಂದುಕೊಂಡಿದ್ದರು.

ತುಂಗಭದ್ರಾ
ಅಂದ್ರೆ ನನ್ನ ಮಗನಿಗಿರೋದೇ ಆ ರಾಜಕುಮಾರನಿಗೂ ಇದ್ದದ್ದು. ಒಂದು ಬಾಟಲಿ ಫ್ಯಾಕ್ಟರ್ ಇದ್ದಿದ್ರೆ ಸ್ಪಾವಾದಲ್ಲಿ ಆ ಮಗು ಅಷ್ಟು ನರಳ್ತಿರಲಿಲ್ಲ. ಓದಿ ಕಣ್ಣು ತುಂಬಿ ಬಂತು.

ಹಳೇ_ಪೇಪರ್
ಮೂರನೇ ಜಾರ್ಜ್ ಹುಚ್ಚು ಕೂಡ ಆನುವಂಶಿಕ ಕಾಯಿಲೆ ತಾನೇ? ನಮ್ಮ ಟಿಪ್ಪು ಸುಲ್ತಾನ್ ಕಾಲದ ಇಂಗ್ಲೆಂಡ್ ರಾಜ. ಪೋರ್ಫಿರಿಯಾ ಅಂತ ಓದಿದ ನೆನಪು.

ನೇವಾ_ದಂಡೆ
1966ರಲ್ಲಿ ತಾಯಿ-ಮಗ ಇಬ್ಬರು ಮನೋವೈದ್ಯರು ಹಾಗೆ ವಾದಿಸಿದರು, ಬಹಳ ಕಾಲ ಜನ ನಂಬಿದರು. ಈಗ ಹಳೆಯ ವೈದ್ಯರ ಟಿಪ್ಪಣಿಗಳನ್ನ ಮತ್ತೆ ಓದಿದವರು ಅದು ಉನ್ಮಾದದ ಮನೋರೋಗ, ಬೈಪೋಲಾರ್ ಥರದ್ದು ಅಂತಾರೆ. ನನಗೂ ಅದೇ ಸರಿ ಅನ್ನಿಸುತ್ತೆ. ಅದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.

ಹೊಸಕೋಟೆ_ಹುಡುಗ
ವಿಕ್ಟೋರಿಯಾ ಸಂತತಿಯಲ್ಲಿ ಈ ಕಾಯಿಲೆ ಇದ್ದ ಕೊನೆಯವರು ಯಾರು?

ಡಾರ್ಮ್‌ಸ್ಟಾಟ್_ಭಟ್ರು
ತಿಳಿದಿರುವವರಲ್ಲಿ ಐರೀನಳ ಹಿರಿಮಗ ವಾಲ್ಡೆಮಾರ್. 1945ರ ಮೇ ತಿಂಗಳಲ್ಲಿ ಬವೇರಿಯಾದ ಟುಟ್ಸಿಂಗ್ ಊರಿನಲ್ಲಿ. ಯುದ್ಧ ಮುಗಿಯುವ ಹೊತ್ತು, ಅಮೆರಿಕದ ಸೇನೆ ಬಂದು ವೈದ್ಯಕೀಯ ಸಾಮಗ್ರಿಯನ್ನು ಯಾತನಾ ಶಿಬಿರದಿಂದ ಬಿಡುಗಡೆಯಾದವರಿಗಾಗಿ ತೆಗೆದುಕೊಂಡಿತ್ತು. ರಕ್ತ ಸಿಗದೆ ತೀರಿಕೊಂಡರು. 56 ವರ್ಷ ಬದುಕಿದ್ದರು, ಆ ಕಾಲಕ್ಕೆ ದೊಡ್ಡ ಆಯಸ್ಸು.

ಕಲ್ಲುಸಕ್ಕರೆ
ಸ್ಪೇನಿನ ಈಗಿನ ರಾಜ ಫೆಲಿಪೆಗೆ ಯಾಕೆ ಇಲ್ಲ ಹಾಗಾದ್ರೆ? ಏನಾ ರಾಣಿಯ ವಂಶವೇ ತಾನೇ?

ಶರಾವತಿ_ತೀರ
ಇದಕ್ಕೆ ನಾನೇ ಉತ್ತರ ಹೇಳ್ತೀನಿ, ಮೇಷ್ಟ್ರು ತಿದ್ದಲಿ. ಏನಾಳ ಮಗ ಹ್ವಾನ್‌ಗೆ ಕಾಯಿಲೆ ಇರಲಿಲ್ಲ. ಅವನ ಮಗ ಹ್ವಾನ್ ಕಾರ್ಲೋಸ್, ಅವನ ಮಗ ಫೆಲಿಪೆ. ಗಂಡಿನಿಂದ ಗಂಡಿಗೆ ಬಂದ ಸಾಲು, ಏನಾಳ ಎಕ್ಸ್ ಹ್ವಾನ್ ಹತ್ತಿರವೇ ನಿಂತುಹೋಯ್ತು.

ಬಯಾಲಜಿ_ಮೇಷ್ಟ್ರು
ನೂರಕ್ಕೆ ನೂರು. ಇನ್ನೊಂದು ಮುಖವನ್ನೂ ಹೇಳಿಬಿಡ್ತೀನಿ: ಕಾಯಿಲೆ ಇರುವ ಗಂಡಸಿನ ಗಂಡುಮಕ್ಕಳಿಗೆ ಅವನಿಂದ ಬರೋದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕಿಯರೇ. ಲಿಯೋಪೋಲ್ಡ್ 1884ರಲ್ಲಿ ಫ್ರಾನ್ಸಿನ ಕಾನ್ ಊರಲ್ಲಿ ಬಿದ್ದು ತೀರಿಕೊಂಡ. ಆಮೇಲೆ ಹುಟ್ಟಿದ ಮಗ ಆರೋಗ್ಯವಾಗಿದ್ದ. ಮಗಳು ಇನ್ನೊಬ್ಬ ಆಲಿಸ್ ಮಾತ್ರ ವಾಹಕಿ. ಆಕೆಯ ಮಗ ರೂಪರ್ಟ್ 1928ರಲ್ಲಿ ಕಾರು ಅಪಘಾತವಾಗಿ ಹೋದ.

ಮಲಪ್ರಭಾ
ಈಗ ಔಷಧ ಏನೇನ್ ಬಂದಾವ್ರಿ?

ಬಯಾಲಜಿ_ಮೇಷ್ಟ್ರು
ಫ್ಯಾಕ್ಟರ್ ಇಂಜೆಕ್ಷನ್ ಮುಖ್ಯ, ಅದನ್ನ ರಕ್ತನಾಳಕ್ಕೇ ಕೊಡ್ತಾರೆ. ಬಿ ವಿಧಕ್ಕೆ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು, ಆಗ ಬೆಲೆ 35 ಲಕ್ಷ ಡಾಲರ್ ಇತ್ತು. ಎ ವಿಧಕ್ಕೆ ನಮ್ಮ ವೆಲ್ಲೂರಿನ ಸಿಎಂಸಿಯಲ್ಲೇ ಜೀನ್ ಚಿಕಿತ್ಸೆಯ ಪ್ರಯೋಗ ನಡೆದು ಐವರಿಗೆ ಒಳ್ಳೆಯ ಫಲ ಬಂದಿದೆ. ಬೆಲೆ ಇಳಿಯಬೇಕು, ಅದು ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸ.

ತುಂಗಭದ್ರಾ
ಸರ್, ನನ್ನ ತಂಗಿಗೆ ಮದುವೆ ಮಾತುಕತೆ ನಡೀತಿದೆ. ಅವಳು ಕ್ಯಾರಿಯರ್, ಅಂದ್ರೆ ವಾಹಕಿ, ಹೌದೋ ಅಲ್ಲವೋ ಹೇಗೆ ತಿಳ್ಕೊಳ್ಳೋದು? ಫ್ಯಾಕ್ಟರ್ ಟೆಸ್ಟ್ ಒಂದು ಮಾಡಿಸಿದ್ರೆ ಸಾಕಾ?

ಬಯಾಲಜಿ_ಮೇಷ್ಟ್ರು
ಸಾಲದು. ಕ್ಯಾರಿಯರ್‌ಗಳಲ್ಲಿ ಫ್ಯಾಕ್ಟರ್ ಮಟ್ಟ ಸರಿಯಾಗಿಯೇ ಇರಬಹುದು. ಮೊದಲು ನಿಮ್ಮ ಮಗನ ಜೀನಿನಲ್ಲಿ ಬದಲಾವಣೆ ಎಲ್ಲಿದೆ ಅಂತ ಪತ್ತೆ ಮಾಡಿಸಿ, ಆಮೇಲೆ ತಂಗಿಯ ಜೀನಿನಲ್ಲಿ ಅದೇ ಜಾಗ ನೋಡ್ತಾರೆ. ಮಗನಿಗೆ ಚಿಕಿತ್ಸೆ ಕೊಡುವ ಹಿಮೋಫಿಲಿಯಾ ಕೇಂದ್ರದಲ್ಲೇ ಕೇಳಿ, ಮಾದರಿ ಎಲ್ಲಿಗೆ ಕಳಿಸಬೇಕು ಅಂತ ಅವರಿಗೆ ಗೊತ್ತಿರುತ್ತೆ. ತಂಗಿಗೂ ಮೊದಲೇ ಹೇಳಿ, ಪರೀಕ್ಷೆ ಮಾಡಿಸೋದೋ ಬೇಡವೋ ಅವರದ್ದೇ ನಿರ್ಧಾರ ಆಗಲಿ.

ತುಂಗಭದ್ರಾ
ಸರಿ ಸರ್. ಮುಂದಿನ ಸಲ ಫ್ಯಾಕ್ಟರ್ ತರೋಕೆ ಹೋದಾಗ ಅವಳನ್ನೂ ಕರ್ಕೊಂಡು ಹೋಗ್ತೀನಿ.